ಎಡ ಅಂದಳೋ, ಬಲ ಅಂದಳೋ

ನಾಲ್ಕು ಗೋಡೆಯ ನಡುವೆ ಅವಳಷ್ಟು ಗಟ್ಟಿಗಿತ್ತಿ ಇನ್ನೊಬ್ಬಳಿರಲಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ, ಹಿಂದಿನ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಚ್ಚಿಸಿ ನಿಲ್ಲಿಸಿದ್ದ ಸೈಕಲ್ಲನ್ನು ಬೆಳಿಗ್ಗೆ ಐದೂವರೆಗೆ ಹತ್ತಿದರೆ, ಗೋಡೆ ನೋಡುತ್ತಾ ಒಂದು ಗಂಟೆ ತುಳಿಯುತ್ತಿದ್ದಳು. ನಾಲ್ಕು ನಿಮಿಷ ಜೀವ ಹೋಗುವ ಹಾಗೆ, ಎರಡು ನಿಮಿಷ ನಿಧಾನ, ಮತ್ತೆ ನಾಲ್ಕು ನಿಮಿಷ. ಕೆಳಗೆ ಹಾಸಿದ ಹಳೆಯ ಟವೆಲ್ಲು ಹಿಂಡಿದರೆ ನೀರು ಸುರಿಯುವಷ್ಟು ತೊಯ್ಯುತ್ತಿತ್ತು. ಗಂಡ ಹೊದಿಕೆಯ ಒಳಗಿಂದಲೇ, "ಎಲ್ಲಿಗೆ ಬಂತು ಸವಾರಿ?" ಎಂದು ಕೇಳುತ್ತಿದ್ದ. "ಬೀರು ದಾಟ್ತಾ ಇದೀನಿ" ಅನ್ನುತ್ತಿದ್ದಳು. ಆ ಕೋಣೆಯಲ್ಲಿ ಅವಳ ಮುಂದೆ ಯಾರ ಚಕ್ರವೂ ಇರಲಿಲ್ಲ. ಅವಳಿಗೆ ಭಯವಿದ್ದದ್ದು ಅದೊಂದರದ್ದೇ.

ವಯಸ್ಸು ನಲವತ್ತೊಂದು. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸ. ದುಂಡನೆಯ ಗಾಜು ಬರುತ್ತದೆ. ಅದನ್ನು ನೀರು ಚಿಮ್ಮುವ ಸಾಣೆಕಲ್ಲಿಗೆ ಹಿಡಿದು, ಫ್ರೇಮಿನ ಅಳತೆಗೆ ಉಜ್ಜಿ, ಕೂರಿಸಿ ಕೊಡಬೇಕು. ಎಡಗಣ್ಣಿನ ಗಾಜು ಎಡಕ್ಕೆ, ಬಲಗಣ್ಣಿನದು ಬಲಕ್ಕೆ. ಅದಲು ಬದಲಾದರೆ ಹಾಕಿಕೊಂಡವರಿಗೆ ಮೆಟ್ಟಿಲು ಇದ್ದಲ್ಲಿ ಇರುವುದಿಲ್ಲ. ಹದಿನೆಂಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಸಲವೂ ಹಾಗಾಗಿರಲಿಲ್ಲ, ಮತ್ತು ಈ ವಿಷಯವನ್ನು ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಅವಳ ಸ್ವಂತ ಕನ್ನಡಕವೂ ದಪ್ಪ ಗಾಜಿನದೇ. ಹಾಗಾಗಿ ಸೈಕಲ್ ಕ್ಲಬ್ಬಿನಲ್ಲಿ ಅವಳಿಗೆ ಸೋಡಾಬುಡ್ಡಿ ಎಂದು ಹೆಸರಾಯಿತು. ನಾವೂ ಹಾಗೆಯೇ ಕರೆಯೋಣ. ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ.

ಅವಳನ್ನು ಈ ಹುಚ್ಚಿಗೆ ಹಚ್ಚಿದ್ದು ನಾದಿನಿ. ಗಂಡನ ತಂಗಿ, ಇಪ್ಪತ್ತೊಂಬತ್ತರ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಈ ಮನೆಗೆ ಬಂದು ನೋಡಬೇಕಿತ್ತು. ಇವಳ ಕಾಲುಚೀಲ ಅವಳು ಹಾಕಿಕೊಂಡು, ಅವಳ ಟೋಪಿ ಇವಳು ಇಟ್ಟುಕೊಂಡು, ಇಬ್ಬರೂ ಭಾನುವಾರ ನಸುಕಿಗೇ ಹೊರಟುಬಿಡುತ್ತಿದ್ದರು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, "ಮನೇಲಿ ಒಂದು ಬಕೆಟ್ ಎತ್ತೋಕೆ ಸೊಂಟ ನೋವು, ರೋಡಲ್ಲಿ ಎಪ್ಪತ್ತು ಕಿಲೋಮೀಟರ್‌ಗೆ ನೋವೇ ಇಲ್ಲ" ಎಂದು ಗೊಣಗುತ್ತಿದ್ದರು.

ಇಬ್ಬರ ಕಣ್ಣೂ ಇದ್ದದ್ದು ವರ್ಷಕ್ಕೊಮ್ಮೆ ನಡೆಯುವ ಜೋಡಿ ಪಂದ್ಯದ ಮೇಲೆ. ಇಬ್ಬರು ಒಟ್ಟಿಗೆ ಹೊರಡಬೇಕು. ಇಬ್ಬರಲ್ಲಿ ಹಿಂದೆ ಉಳಿದವರು ಗೆರೆ ದಾಟಿದ ಹೊತ್ತೇ ಜೋಡಿಯ ಹೊತ್ತು. ಮುಂದಿನವರು ಗಾಳಿ ಸೀಳಿಕೊಂಡು ಹೋದರೆ ಹಿಂದಿನವರಿಗೆ ಗಾಳಿಯ ಮರೆ ಸಿಗುತ್ತದೆ, ಕಾಲು ಉಳಿಯುತ್ತದೆ. ಆದರೆ ಆ ಮರೆ ಬೇಕೆಂದರೆ ಮುಂದಿನವರ ಹಿಂಚಕ್ರಕ್ಕೆ ಒಂದು ಗೇಣಿನಷ್ಟು ಹತ್ತಿರ ಇರಬೇಕು. ಅಲ್ಲಿಂದ ರಸ್ತೆ ಕಾಣುವುದಿಲ್ಲ, ಮುಂದಿನವರ ಬೆನ್ನು ಕಾಣುತ್ತದೆ ಅಷ್ಟೆ. ಹಾಗಾಗಿ ಮುಂದಿನವರು ಕೂಗಿ ಹೇಳಬೇಕು. ಕ್ಲಬ್ಬು ನಡೆಸುತ್ತಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು ಇದಕ್ಕೊಂದು ನಿಯಮ ಮಾಡಿದ್ದರು. "ಗುಂಡಿ ಯಾವ ಕಡೆ ಇದ್ಯೋ ಆ ಕಡೆ ಹೆಸರು ಕೂಗಿ. ಎಡ ಅಂದ್ರೆ ಎಡಗಡೆ ಗುಂಡಿ, ಬಲ ಅಂದ್ರೆ ಬಲಗಡೆ ಗುಂಡಿ. ಒಂದೇ ಮಾತು. ಕಥೆ ಹೇಳೋಕೆ ಅಲ್ಲಿ ಟೈಮಿರಲ್ಲ."

ಮೂರು ವರ್ಷ ಗುಬ್ಬಿ ಮುಂದೆ, ಸೋಡಾಬುಡ್ಡಿ ಹಿಂದೆ. ಎಡ ಎಂದರೆ ಇವಳು ಬಲಕ್ಕೆ ಸರಿಯುವುದು, ಬಲ ಎಂದರೆ ಎಡಕ್ಕೆ. ಯೋಚನೆಯೇ ಬೇಡ, ಮೈಯೇ ಮಾಡುತ್ತಿತ್ತು. ಏಳು ತಿಂಗಳ ಹಿಂದೆ ಒಂದು ಭಾನುವಾರ, ಪಂದ್ಯಕ್ಕೆ ಇನ್ನು ಮೂರೇ ವಾರ ಇದ್ದಾಗ, ಅರವತ್ತು ಕಿಲೋಮೀಟರ್ ತುಳಿದು ಇಬ್ಬರಿಗೂ ನಾಲಿಗೆ ಹೊರಬಿದ್ದಿದ್ದ ಹೊತ್ತಿನಲ್ಲಿ, ಗುಬ್ಬಿ "ಎಡ!" ಎಂದು ಕೂಗಿದಳು. ಸೋಡಾಬುಡ್ಡಿಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದರೂ ಅವಳು ಎಡಕ್ಕೇ ಹೋದಳು.

ಚಿಕ್ಕವಳಿದ್ದಾಗ ಅವಳಿಗೆ ಸೈಕಲ್ ಕಲಿಸಿದ್ದು ಅಪ್ಪ. ಸೀಟು ಹಿಡಿದು ಹಿಂದೆ ಓಡುತ್ತಾ, "ಎಡ! ಎಡ! ಬಲ!" ಎಂದು ಕೂಗುತ್ತಿದ್ದರು. ಅವರ ಎಡ ಎಂದರೆ ಎಡಕ್ಕೆ ತಿರುಗಿಸು ಎಂದೇ. ಮೂವತ್ತು ವರ್ಷ ಎಲ್ಲಿ ಮಲಗಿತ್ತೋ ಆ ಪಾಠ, ಸುಸ್ತಾದ ಮೈಯಲ್ಲಿ ಎದ್ದು ಕೂತಿತು. ಮುಂದಿನ ಚಕ್ರ ಗುಂಡಿಗೆ ಇಳಿದದ್ದು ಗೊತ್ತು. ಎಡ ಭುಜದ ಮೇಲೆ ಬಿದ್ದಾಗ ಒಳಗೆ ಏನೋ ಲಟಕ್ಕೆಂದದ್ದು ಗೊತ್ತು. ಉಳಿದದ್ದು ಗುಬ್ಬಿಯ ಕಿರುಚಾಟ.

ಕಾಲರ್ ಬೋನು ಎರಡು ತುಂಡಾಗಿತ್ತು, ಮಣಿಕಟ್ಟು ಬಿರುಕು ಬಿಟ್ಟಿತ್ತು. ಎಕ್ಸ್‌ರೇ ತೆಗೆದವಳು ಗುಬ್ಬಿಯೇ. ಅದೇ ಸಂಜೆ ವಾರ್ಡಿನಲ್ಲಿ ಎಲ್ಲರೂ ಮಂಚದ ಸುತ್ತ ನಿಂತಿದ್ದರು: ಅತ್ತೆ, ಗಂಡ, ಗುಬ್ಬಿ, ಕ್ಲಬ್ಬಿನ ಮೇಷ್ಟ್ರು. ಮೇಷ್ಟ್ರಿಗೆ ಲೆಕ್ಕ ಸರಿಹೋಗಬೇಕು. "ಗುಂಡಿ ಎಡಗಡೆ ಇತ್ತು. ನೀವು ಎಡಕ್ಕೇ ಹೋಗಿದೀರಿ. ಅವಳು ಕೂಗಿದ್ದು ಏನು?" ಎಂದು ಕೇಳಿದರು.

ನಿಜ ಹೇಳಿದ್ದರೆ ಏನಾಗುತ್ತಿತ್ತು? ಒಂದು ನಗು, ಒಂದು ಬೈಗುಳ, ಅಷ್ಟೇ. ಆದರೆ ಎಲ್ಲರ ಕಣ್ಣೂ ಅವಳ ಮೇಲಿತ್ತು. ಹದಿನೆಂಟು ವರ್ಷದಲ್ಲಿ ಎಡ ಬಲ ತಪ್ಪದವಳು ಎಂದು ಜಂಬ ಕೊಚ್ಚಿಕೊಂಡ ಬಾಯಿ ಅದು. ಬಾಯಿಂದ ಒಂದೇ ಒಂದು ಮಾತು ಬಿತ್ತು.

"ಬಲ."

ಗುಬ್ಬಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಹೌದಾ ಅತ್ತಿಗೆ? ನಾನು ಬಲ ಅಂದ್ನಾ?" ಎಂದಳು. ವಾದ ಮಾಡಲಿಲ್ಲ. ಅಷ್ಟು ದಣಿದಾಗ ಬಾಯಿಂದ ಬಂದದ್ದು ಯಾವ ಮಾತು ಎಂದು ಯಾರು ಆಣೆ ಮಾಡಿ ಹೇಳಿಯಾರು? ಅದರ ಮೇಲೆ ಚಿಕ್ಕಂದಿನಲ್ಲಿ ಗುಬ್ಬಿ ಚಪ್ಪಲಿಯನ್ನು ಸದಾ ಅದಲು ಬದಲು ಮೆಟ್ಟುತ್ತಿದ್ದಳು ಎಂಬುದು ಮನೆಯ ಹಳೇ ತಮಾಷೆ. ಅತ್ತೆಗೆ ಅದು ಆ ಹೊತ್ತಿಗೇ ನೆನಪಾಗಬೇಕೆ? "ಎಡಗಾಲು ಬಲಗಾಲು ಗೊತ್ತಾಗದವಳ ಹಿಂದೆ ಹೋದ್ಯಲ್ಲಮ್ಮ, ನಿನ್ನ ಹಣೆಬರಹ" ಎಂದರು, ಮಗಳ ಎದುರಿಗೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾಳೆ ಹೇಳಿದರಾಯಿತು ಎಂದು ಸೋಡಾಬುಡ್ಡಿ ಕಣ್ಣು ಮುಚ್ಚಿಕೊಂಡಳು.

ಆ ನಾಳೆ ಬರಲೇ ಇಲ್ಲ. ಆರು ವಾರ ಕೈ ಜೋಳಿಗೆಯಲ್ಲಿ. ಆ ಆರು ವಾರ ಅವಳ ತಲೆ ಬಾಚಿದ್ದು ಗುಬ್ಬಿ, ರವಿಕೆಗೆ ತೋಳು ತೂರಿಸಿದ್ದು ಗುಬ್ಬಿ, ಬೆನ್ನಿಗೆ ನೀರು ಹಾಕಿದ್ದು ಗುಬ್ಬಿ. ಪ್ರತಿ ಸಲವೂ, "ನೋವಾಯ್ತಾ ಅತ್ತಿಗೆ? ನನ್ನಿಂದ ಹೀಗಾಯ್ತು" ಅನ್ನುವಳು. ಆ ಮಾತು ಬಂದಾಗಲೆಲ್ಲ ಸೋಡಾಬುಡ್ಡಿಯ ಕೈ ತಾನಾಗಿ ಮುರಿದ ಭುಜಕ್ಕೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳಿಗೋ ಮುಟ್ಟಿ ನೋಡಿಕೊಳ್ಳಲು ನೋವೆಂಬ ನೆಪವೂ ಇತ್ತು. ಗುಬ್ಬಿ ಎಷ್ಟು ಒಳ್ಳೆಯವಳಾಗುತ್ತ ಹೋದಳೋ ಇವಳಿಗೆ ಅಷ್ಟು ಹೆದರಿಕೆ ಹೆಚ್ಚಿತು. ಮೊದಲ ದಿನ ಹೇಳಿದ್ದರೆ ಒಂದು ಸುಳ್ಳಿನ ತಪ್ಪು. ಈಗ ಅದರ ಮೇಲೆ ಆರು ವಾರದ ಸೇವೆ ಕೂತಿತ್ತು.

ಜೋಳಿಗೆ ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಡುವ ಥೆರಪಿಸ್ಟಿನ ಹತ್ತಿರ ಓಡಾಟ. ಆಕೆ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಬೆರಳುಗಳನ್ನು ಒಂದೊಂದೇ ಗೆರೆ ಹತ್ತಿಸುತ್ತಿದ್ದಳು. ಮೊದಲ ವಾರ ಬೆರಳು ಮೂಗಿನ ಮಟ್ಟಕ್ಕೆ ಬಂದಾಗ ಕಣ್ಣಲ್ಲಿ ನೀರು. ನಾಲ್ಕನೇ ತಿಂಗಳಿಗೆ ತಲೆಯ ಮೇಲೆ ಹೋಯಿತು. ಐದನೇ ತಿಂಗಳು ಆಕೆ ಭುಜವನ್ನು ನಾಲ್ಕೂ ಕಡೆಯಿಂದ ಒತ್ತಿ ನೋಡಿ, "ಮೂಳೆ ನನ್ನದಕ್ಕಿಂತ ಗಟ್ಟಿಯಾಗಿದೆ ರೀ. ರೋಡಿಗೆ ಇಳೀರಿ" ಅಂದಳು. ಸೋಡಾಬುಡ್ಡಿ ಹ್ಞೂಂ ಎಂದು ಬಂದು, ಮನೆಯಲ್ಲಿ ಸ್ಟ್ಯಾಂಡಿನ ಸೈಕಲ್ಲನ್ನೇ ಹತ್ತಿದಳು.

ಒಂದು ಭಾನುವಾರ ಗುಬ್ಬಿ ಬಲವಂತವಾಗಿ ಹೊರಡಿಸಿದಳು. ಅಕ್ಕಪಕ್ಕದಲ್ಲಿ ತುಳಿದಷ್ಟು ಹೊತ್ತು ಎಲ್ಲ ಸರಿ ಇತ್ತು. ಗುಬ್ಬಿ ಮುಂದೆ ಹೋಗಿ, "ಬಾ ಅತ್ತಿಗೆ, ಹಿಂದೆ ಸೇರ್ಕೋ" ಎಂದಳು. ಗುಬ್ಬಿಯ ಹಿಂಚಕ್ರ ಒಂದು ಮೊಳ ದೂರಕ್ಕೆ ಬಂದದ್ದೇ ತಡ, ಸೋಡಾಬುಡ್ಡಿಯ ಬೆರಳು ಬ್ರೇಕನ್ನು ಕಚ್ಚಿ ಹಿಡಿದವು. ಬಿದ್ದಾಗಿನ ನೋವಿನ ನೆನಪಲ್ಲ ಅದು, ನೋವನ್ನು ಅವಳು ಅರಗಿಸಿಕೊಂಡಿದ್ದಳು. ಈಗ ಗುಬ್ಬಿ ಎಡ ಎಂದು ಕೂಗಿ, ತನ್ನ ಮೈ ಮತ್ತೆ ಎಡಕ್ಕೇ ಹೋದರೆ? ಮೂಳೆಯ ಜೊತೆಗೆ ಸುಳ್ಳೂ ಮುರಿದು ರಸ್ತೆಯಲ್ಲಿ ಬೀಳುತ್ತದೆ. ಒಂದು ಮೊಳ ಎರಡು ಮಾರಾಯಿತು, ಎರಡು ಮಾರು ಒಂದು ಬಸ್ಸಿನಷ್ಟಾಯಿತು.

ಗುಬ್ಬಿ ತಿರುಗಿ ಬಂದಳು. "ನಂಗೆ ಅರ್ಥ ಆಗುತ್ತೆ. ನನ್ನ ಬಾಯಿ ಮೇಲೆ ನಿಂಗೆ ನಂಬಿಕೆ ಇಲ್ಲ" ಎಂದಳು.

"ಹಾಗಲ್ವೇ..."

"ನಂಗೇ ಇಲ್ಲ ಅತ್ತಿಗೆ, ನಿಂಗೆಲ್ಲಿಂದ ಬರಬೇಕು?"

ಸೋಡಾಬುಡ್ಡಿ ರಸ್ತೆ ನೋಡುತ್ತಾ ನಿಂತಳು. ಆಗಲಾದರೂ ಬಾಯಿ ಬಿಡಬೇಕಿತ್ತು ಅಂತ ನಾವು ಇಲ್ಲಿ ಕೂತು ಹೇಳಬಹುದು. ಅವಳ ಗಂಟಲಲ್ಲಿದ್ದದ್ದು ಬಿಸಿತುಪ್ಪ. ಉಗುಳಲೂ ಆಗದು, ನುಂಗಲೂ ಆಗದು.

ಇನ್ನೆರಡು ತಿಂಗಳು ಹೀಗೇ ಹೋಗುತ್ತಿತ್ತೇನೋ. ಶುಕ್ರವಾರ ಸಂಜೆ ಗುಬ್ಬಿ ಒಂದು ಹಾಳೆ ಹಿಡಿದು ಅಡುಗೆಮನೆಗೆ ಬಂದಳು. "ಅತ್ತಿಗೆ, ಕಾಗುಣಿತ ತಪ್ಪಿದ್ಯಾ ನೋಡಿ ಕೊಡು. ಸೋಮವಾರ ಕೊಡ್ಬೇಕು." ತನ್ನನ್ನು ಎಕ್ಸ್‌ರೇ ಕೋಣೆಯಿಂದ ಬಿಡಿಸಿ, ಕಡತಗಳ ವಿಭಾಗಕ್ಕೆ ಹಾಕಬೇಕೆಂದು ಕೋರುವ ಅರ್ಜಿ ಅದು. ಕಾರಣ: ವೈಯಕ್ತಿಕ.

"ಇದೇನೇ ಇದು? ಓದಿ ಕಲಿತು ಎಂಟು ವರ್ಷ ಮಾಡಿದ ಕೆಲಸ!"

ಗುಬ್ಬಿ ಎಡ ಅಂಗೈ ಬಿಡಿಸಿ ತೋರಿಸಿದಳು. ಬಾಲ್‌ಪೆನ್ನಿನಲ್ಲಿ 'ಎ' ಎಂದು ಬರೆದುಕೊಂಡಿದ್ದಳು. ಬಲ ಅಂಗೈಯಲ್ಲಿ 'ಬ'. "ದಿನಾ ಬರ್ಕೊಂಡು ಹೋಗ್ತೀನಿ. ಆದ್ರೂ ಆಗ್ತಾ ಇಲ್ಲ. ಪ್ಲೇಟಿನ ಮೇಲೆ ಎಡ ಬಲ ಗುರುತು ಇಡ್ಬೇಕಲ್ಲ, ಇಟ್ಟ ಮೇಲೆ ಸರಿಯಾಗಿಟ್ನಾ ಅಂತ ಮತ್ತೆ ಮತ್ತೆ ತೆಗೆದು ನೋಡ್ತೀನಿ. ಮೊನ್ನೆ ಒಬ್ಬ ತಾತನ್ನ ಮೂರು ಸಲ ಎಬ್ಬಿಸಿ ಮಲಗಿಸ್ದೆ. ಪಾಪ ಅವ್ರು, 'ಯಾಕಮ್ಮಾ, ನಂದು ಎರಡೇ ಕಾಲು, ಜಾಸ್ತಿ ಇಲ್ಲ' ಅಂದ್ರು. ನಗು ಬರ್ಲಿಲ್ಲ ಅತ್ತಿಗೆ. ನಾನು ಗುರುತು ತಪ್ಪಿಟ್ಟು, ಡಾಕ್ಟ್ರು ಸರಿ ಇರೋ ಕಾಲನ್ನ ಕೊಯ್ದುಬಿಟ್ರೆ? ನಿನ್ನ ಮೂಳೆ ಮುರಿದಿದ್ದು ಸಾಲ್ದಾ?"

ತಾನು ಮುರಿದದ್ದು ಏನೆಂದು ಸೋಡಾಬುಡ್ಡಿಗೆ ಆಗ ಸರಿಯಾಗಿ ಕಂಡಿತು. ಕಾಗುಣಿತ ಒಂದೂ ತಪ್ಪಿರಲಿಲ್ಲ. "ಭಾನುವಾರ ಸೈಕಲ್ಲಿಗೆ ಹೋಗಿ ಬಂದ ಮೇಲೆ ನೋಡ್ತೀನಿ, ಇಲ್ಲಿಟ್ಟಿರು" ಎಂದಳು. ನಿಜ ಹೇಳಿದರೆ ಗುಬ್ಬಿ ತನ್ನಿಂದ ದೂರ ಹೋಗುತ್ತಾಳೆ. ಹೇಳದಿದ್ದರೆ ಗುಬ್ಬಿ ಇರುತ್ತಾಳೆ, ಬಾಚಣಿಗೆ ಹಿಡಿದು, ಅಂಗೈಯಲ್ಲಿ ಅಕ್ಷರ ಬರೆದುಕೊಂಡು, ಜೀವಮಾನವಿಡೀ. ಶನಿವಾರ ಅಂಗಡಿಯಲ್ಲಿ ಸೋಡಾಬುಡ್ಡಿ ಎರಡು ಗಾಜು ಒಡೆದಳು.

ಭಾನುವಾರ ಊರು ದಾಟಿ ಹತ್ತು ಕಿಲೋಮೀಟರ್ ಹೋದ ಮೇಲೆ ಒಂದು ನಲ್ಲಿ ಸಿಗುತ್ತದೆ. ಅಲ್ಲಿ ಇಬ್ಬರೂ ಬಾಟಲಿ ತುಂಬಿಸಿಕೊಳ್ಳುವುದು ರೂಢಿ. ಗುಬ್ಬಿ ಬಗ್ಗಿ ಬಾಟಲಿ ಹಿಡಿದಿದ್ದಳು. ಬೆನ್ನು ಇತ್ತ ಇದ್ದಾಗಲೇ ಹೇಳುವುದು ಸುಲಭ ಅನ್ನಿಸಿತು.

"ಗುಬ್ಬಿ, ನೀನು ಅವತ್ತು ಎಡ ಅಂದೆ."

ಬಾಟಲಿ ತುಂಬಿ ನೀರು ಹೊರಗೆ ಚೆಲ್ಲತೊಡಗಿತು.

"ಸರಿಯಾಗೇ ಅಂದೆ. ನಂಗೆ ಕೇಳಿಸ್ತು. ನಾನೇ ತಪ್ಪು ಹೋದೆ. ಮೇಷ್ಟ್ರು ಕೇಳ್ದಾಗ ಹೆದರಿಕೆ ಆಯ್ತು, ಬಲ ಅಂದ್ಬಿಟ್ಟೆ. ಆಮೇಲೆ ಹೇಳೋಣ ಹೇಳೋಣ ಅಂತ..." ಅಳು ಬಂದರೆ ಅದೂ ಒಂದು ನಾಟಕವಾದೀತೆಂದು ತುಟಿ ಕಚ್ಚಿಕೊಂಡಳು.

ಗುಬ್ಬಿ ನಲ್ಲಿ ನಿಲ್ಲಿಸಿದಳು. ಬಾಟಲಿಯ ಮುಚ್ಚಳ ತಿರುಗಿಸಿದಳು. ಮತ್ತೆ ಬಿಚ್ಚಿ, ಅಂಗೈಗೆ ನೀರು ಸುರಿದು, ಒಂದು ಕೈಯಿಂದ ಇನ್ನೊಂದನ್ನು ಉಜ್ಜಿದಳು. ಬಾಲ್‌ಪೆನ್ನಿನ ಶಾಯಿ ಬೇಗ ಹೋಗುವುದಿಲ್ಲ. ಅಂಗೈ ಕೆಂಪಾಗುವವರೆಗೆ ಉಜ್ಜಿದಳು. ಬೈಯಲಿಲ್ಲ. ಬೈದಿದ್ದರೆ ಸೋಡಾಬುಡ್ಡಿ ಕಾಲನ್ನಾದರೂ ಹಿಡಿದುಬಿಡುತ್ತಿದ್ದಳು.

"ಅಮ್ಮ ನಂಗೆ ಏಳು ತಿಂಗಳಿಂದ ಏನೇನ್ ಅಂದ್ರು, ಕೇಳಿಸ್ಕೊಂಡ್ರಲ್ಲ?" ಎಂದಳು ಕೊನೆಗೆ.

ಕೇಳಿಸ್ಕೊಂಡ್ರಲ್ಲ. ಹದಿನಾಲ್ಕು ವರ್ಷದಲ್ಲಿ ಗುಬ್ಬಿ ಅವಳಿಗೆ ನೀವು ಹಚ್ಚಿ ಮಾತಾಡಿದ್ದು ಅದೇ ಮೊದಲು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ, "ಅತ್ತಿಗೆಗೆ ನೀವು ಅನ್ನೇ" ಎಂದು ಗದರಿಸಿದಾಗಲೂ ಅಂದಿರಲಿಲ್ಲ. ಸೋಡಾಬುಡ್ಡಿಗೆ ಏಳು ತಿಂಗಳಿಂದ ಬೆನ್ನು ಹತ್ತಿದ್ದ ಭಯ ಆ ಒಂದು ಗೌರವದ ಮಾತಿನಲ್ಲಿ ಬಂದು ಎದುರು ನಿಂತಿತು.

"ಕೇಳಿಸ್ಕೊಂಡೆ" ಎಂದಳು.

"ಮನೆಗೆ ಹೋಗಿ ಅಮ್ಮಂಗೆ ನೀವೇ ಹೇಳ್ಬೇಕು. ಮೇಷ್ಟ್ರಿಗೂ."

"ಹೇಳ್ತೀನಿ."

"ಆ ಅರ್ಜೀನ ನೀವೇ ಹರಿದು ಹಾಕಿ."

"ಆಯ್ತು."

ಗುಬ್ಬಿ ಸೈಕಲ್ ಹತ್ತಿರ ಹೋದಳು. ಇನ್ನು ಒಬ್ಬಳೇ ಹೊರಟುಬಿಡುತ್ತಾಳೆ ಎಂದು ಸೋಡಾಬುಡ್ಡಿ ತಲೆ ತಗ್ಗಿಸಿದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಸದ್ದಾಯಿತು. ಚಕ್ರದ ಸದ್ದು ಬರಲಿಲ್ಲ.

"ನೀವು ಮುಂದೆ ಹೋಗಿ" ಎಂದಳು ಗುಬ್ಬಿ.

"ನಾನಾ?"

"ಹ್ಞೂಂ. ನಾನು ಹಿಂದೆ ಇರ್ತೀನಿ. ಒಂದು ಗೇಣು. ನೀವು ಕೂಗಿ."

"ಬೇಡ ಕಣೇ. ನನ್ನ ಬಾಯಿ ನಿಂಗೆ ಗೊತ್ತಲ್ಲ" ಎಂದಳು. ಗುಬ್ಬಿ ಪೆಡಲಿನ ಮೇಲೆ ಒಂದು ಕಾಲಿಟ್ಟು ಕಾಯುತ್ತ ನಿಂತಳು.

ಹೊರಟರು. ಮುಂದೆ ಯಾರ ಬೆನ್ನೂ ಇರಲಿಲ್ಲ. ಗಾಳಿ ನೇರ ಎದೆಗೆ ಬಂದು ಬಡಿಯಿತು. ರಸ್ತೆ ಇಷ್ಟು ಹಾಳಾಗಿದೆಯೆಂದು ಅವಳಿಗೆ ಮೂರು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ. ಒಂದೊಂದು ಕಲ್ಲೂ, ಒಂದೊಂದು ಬಿರುಕೂ ಎದ್ದು ಕಾಣುತ್ತಿತ್ತು, ದಪ್ಪ ಗಾಜಿನ ಹಿಂದೆ ಕಣ್ಣು ಉರಿಯಿತು. ಹಿಂದೆ ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಹ್ಯಾಂಡಲ್ ಅಲುಗುತ್ತದೆ, ಅಲುಗಿದರೆ ಹಿಂದಿನವಳು ಬೀಳುತ್ತಾಳೆ. ತನ್ನ ಒಂದು ಮಾತಿನ ಮೇಲೆ ಇನ್ನೊಬ್ಬಳ ಮೂಳೆಯೆಲ್ಲ ನಿಂತಿದೆ ಎಂಬುದು ಹೀಗಿರುತ್ತದೆಯೇ? ಗುಬ್ಬಿ ಮೂರು ವರ್ಷ, ಪ್ರತಿ ಭಾನುವಾರ, ಎಪ್ಪತ್ತು ಕಿಲೋಮೀಟರ್ ಇದನ್ನು ಹೊತ್ತುಕೊಂಡು ಹೋಗಿದ್ದಳು. ಒಂದು ದಿನವೂ ಹೇಳಿರಲಿಲ್ಲ.

ಇಳಿಜಾರು ಶುರುವಾಯಿತು. ವೇಗ ಏರಿತು. ತಿರುವು ದಾಟಿದ ಕೂಡಲೇ ಬಲಗಡೆ, ಬೋಗುಣಿಯಷ್ಟು ಅಗಲಕ್ಕೆ ಟಾರು ಕಿತ್ತುಹೋಗಿತ್ತು. ಎಡ, ಬಲ, ಎರಡು ಮಾತೂ ಒಟ್ಟಿಗೆ ನಾಲಿಗೆಗೆ ಬಂದು ಮುಗ್ಗರಿಸಿದವು. ಅಪ್ಪ ಕೂಗಿದರು, ಮೇಷ್ಟ್ರು ಕೂಗಿದರು. ಅವಳು ಎಲ್ಲರನ್ನೂ ತಳ್ಳಿ, ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಅರಚಿದಳು.

"ಬಲ!"

ತಾನು ಸರಿಯಾದದ್ದನ್ನೇ ಕೂಗಿದೆನೇ? ಗುಂಡಿ ದಾಟಿದ ಮೇಲೂ ಅವಳಿಗೆ ಖಾತ್ರಿಯಾಗಲಿಲ್ಲ. ಬೀಳುವ ಸದ್ದಿಗಾಗಿ ಬೆನ್ನೆಲ್ಲ ಕಿವಿಯಾಗಿ ಕಾದಳು. ಒಂದು ಕ್ಷಣ ಗಾಳಿಯ ಸದ್ದು ಬಿಟ್ಟು ಏನೂ ಇಲ್ಲ. ಆಮೇಲೆ ಚೈನಿನ ಕಿರಕಿರ ಕೇಳಿಸಿತು, ಒಂದೇ ಸಮನೆ, ಒಂದು ಗೇಣು ಹಿಂದೆ. ಸುತ್ತು ಮುಗಿಸಿ ಮನೆ ಸೇರಲು ಇನ್ನೂ ಐವತ್ತು ಕಿಲೋಮೀಟರ್ ಇತ್ತು, ಅಲ್ಲಿ ಅತ್ತೆ ಇದ್ದರು. ಸೋಡಾಬುಡ್ಡಿ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ತುಳಿದಳು.